ಸಾಲ ತೀರಿದ ಮೇಲೆ ಬದುಕಿದರಾಯಿತು ಎಂದು ಕಾಯುವುದು ಸರಿಯೇ?

ಕದ್ರಿ ನಿವಾಸಿ:
ನನಗೀಗ 43 ವರ್ಷ. ಮಂಗಳೂರಿನಲ್ಲಿ ಕೊಂಡ ಫ್ಲ್ಯಾಟಿನ ಸಾಲ ತೀರಲು ಇನ್ನೂ 9 ವರ್ಷ ಬೇಕು. ಮಗಳಿಗೆ ಈಜು ಕಲಿಸುವುದು, ಬ್ರಹ್ಮಾವರದಲ್ಲಿ ಒಬ್ಬರೇ ಇರುವ ಅಮ್ಮನೊಂದಿಗೆ ಒಂದು ವಾರವಾದರೂ ಸುಮ್ಮನೆ ಇದ್ದು ಬರುವುದು, ರಾತ್ರಿಯಿಡೀ ಕುಳಿತು ಯಕ್ಷಗಾನ ನೋಡುವುದು, ಹೀಗೆ ಎಲ್ಲವನ್ನೂ ಸಾಲ ತೀರಲಿ ಎಂದು ಮುಂದೂಡುತ್ತ ಬಂದಿದ್ದೇನೆ. ಕಳೆದ ತಿಂಗಳು ಫೋನಿನಲ್ಲಿ ನನ್ನ ಧ್ವನಿಯ ಗುರುತು ಹಿಡಿಯಲು ಅಮ್ಮನಿಗೆ ತುಸು ಹೊತ್ತು ಬೇಕಾಯಿತು. ಅಂದಿನಿಂದ ಮನಸ್ಸು ನೆಲೆ ನಿಂತಿಲ್ಲ. ಇಂದಿಗಾಗಿ ಬದುಕಿ ಎಂಬ ಮಾತು ಕೇಳಲು ಹಿತವಾಗಿದೆ. ತಿಂಗಳು ತಿಂಗಳು ಕಂತು ಕಟ್ಟಬೇಕಾದವರು ಹಾಗೆ ಬದುಕುವುದು ಹೇಗೆ?

ಮಲ್ಪೆಯ ಓದುಗ:
ನಮ್ಮದು ಟ್ರಾಲ್ ಬೋಟು. ಮೀನು ಮರಿಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹೊರಗಿನವರಿಗೆ ಅದು ಬರಿಯ ಕಾಯುವಿಕೆಯಾಗಿ ಕಂಡೀತು. ಆದರೆ ಹರಿದ ಬಲೆ ಹೆಣೆಯಲು ಕುಳಿತವನು ಆಗಸ್ಟಿನಲ್ಲಿ ಸಿಗಬಹುದಾದ ಬಂಗುಡೆಯನ್ನು ಎಣಿಸುತ್ತಿದ್ದರೆ ಕೈಯಲ್ಲಿರುವ ಗಂಟು ಸಡಿಲವಾಗುತ್ತದೆ. ನೀವು ಕಂತು ಕಟ್ಟುವುದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಕಂತು ಕಟ್ಟಿದ ಮೇಲೂ ನಿಮ್ಮಲ್ಲಿ ಉಳಿಯುವ ಭಾನುವಾರಗಳನ್ನು ಸಾಲದ ಖಾತೆಗೇ ಜಮಾ ಮಾಡುತ್ತಿದ್ದೀರಿ, ನೋವು ಅಲ್ಲಿಂದ ಬರುತ್ತಿದೆ.

ಉಡುಪಿಯ ನಿವೃತ್ತ ಶಿಕ್ಷಕಿ:
ತುಳುನಾಡಿನ ಮಳೆಗಾಲದ ತಿಂಗಳಾದ ಆಟಿಯ ಅಮಾವಾಸ್ಯೆಯಂದು ನಸುಕಿನಲ್ಲಿ ನಮ್ಮ ತಂದೆ ಗುಡ್ಡಕ್ಕೆ ಹೋಗಿ, ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ಹಾಲೆಮರದ ಕೆತ್ತೆ, ಅಂದರೆ ತೊಗಟೆ, ತರುತ್ತಿದ್ದರು. ಅಮ್ಮ ಅದರ ರಸಕ್ಕೆ ಬೆಳ್ಳುಳ್ಳಿ, ಕಾಳುಮೆಣಸು, ಓಮ ಅರೆದು ಹಾಕಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದ್ದಿ, ಬರಿಹೊಟ್ಟೆಯಲ್ಲಿ ಕುಡಿಸುತ್ತಿದ್ದರು. ಆ ಕಹಿ ಇಳಿಯಲೆಂದು ಆಮೇಲೆ ಮೆಂತ್ಯದ ಗಂಜಿ. ಮಬ್ಬುಗತ್ತಲಲ್ಲಿ ಹಾಲೆಮರವನ್ನು ತಪ್ಪದೆ ಗುರುತಿಸುವುದು ಸಣ್ಣ ವಿದ್ಯೆಯಲ್ಲ, ಏಕೆಂದರೆ ಕತ್ತಲಲ್ಲಿ ಕಾಸರಕನ ಮರಕ್ಕೆ ಕೈಹಾಕಿದರೆ ಅದು ವಿಷ. ಬಾ, ತೋರಿಸುತ್ತೇನೆ ಎಂದು ತಂದೆ ಪ್ರತಿ ವರ್ಷ ಕರೆಯುತ್ತಿದ್ದರು. ಶಾಲೆಯ ಕೆಲಸವಿದೆ, ಬರುವ ವರ್ಷ ನೋಡೋಣ ಎಂದು ನಾನು ಪ್ರತಿ ವರ್ಷವೂ ಹೇಳಿದೆ. ಈಗ ನನಗೆ ಬಿಡುವಿದೆ, ಗುಡ್ಡವೂ ಇದೆ, ತೋರಿಸುವವರಿಲ್ಲ. ಕಷಾಯವನ್ನು ಬೇರೆಯವರು ಹಂಚುವಲ್ಲಿಂದ ತಂದು ಕುಡಿಯುತ್ತೇನೆ. ದಯವಿಟ್ಟು ಮೊದಲು ಅಮ್ಮನ ಬಳಿಗೆ ಹೋಗಿ. ಈಜು ಒಂದು ವರ್ಷ ತಡವಾದರೂ ನಡೆದೀತು.

ಸುರತ್ಕಲ್‌ನ ಓದುಗ:
ಯಕ್ಷಗಾನದ ವಿಷಯಕ್ಕೆ ಒಂದು ಮಾತು. ಹಲವು ಮೇಳಗಳು ಈಗಾಗಲೇ ಕಾಲಮಿತಿಯ ಪ್ರದರ್ಶನಕ್ಕೆ ಬಂದಿವೆ, ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡಿಬಿಡುತ್ತಾರೆ. ನೀವು 9 ವರ್ಷಕ್ಕೆಂದು ತೆಗೆದಿಟ್ಟ ಬೆಳಗಿನವರೆಗಿನ ಆಟ ಅಷ್ಟು ಹೊತ್ತಿಗೆ ಎಲ್ಲಿ ಉಳಿದಿರುತ್ತದೋ! ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುವ ಮೊದಲೇ ಒಂದನ್ನು ನೋಡಿಬಿಡಿ.

ಕದ್ರಿ ನಿವಾಸಿ:
ಎಲ್ಲರಿಗೂ ಕೃತಜ್ಞತೆಗಳು. ಶಿಕ್ಷಕಿಯವರ ಮಾತು ಓದಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿ, ನಿಮಗೆ ಹಾಲೆಮರದ ಗುರುತು ಇದೆಯೇ ಎಂದು ಕೇಳಿದೆ. ನಮ್ಮ ಬಾವಿಯ ಹಿಂದೆಯೇ ಒಂದಿದೆಯಂತೆ. ಇಷ್ಟು ವರ್ಷ ನಾನು ಅದನ್ನು ಬರೀ ನೆರಳಿನ ಮರವೆಂದುಕೊಂಡಿದ್ದೆ. ಶನಿವಾರ ಮಗಳನ್ನೂ ಕರೆದುಕೊಂಡು ಹೊರಡುತ್ತಿದ್ದೇನೆ.