ಬಾನೆಟ್ ಒಳಗಿನ ಲೈನರ್ ಜೋತುಬೀಳ್ತಿದೆ, ಯಾವ ಗಮ್ಮೂ ನಿಲ್ತಿಲ್ಲ

ಹಳೇಡೀಸೆಲ್:
ಬಾನೆಟ್ ಕೆಳಗಿನ ಕಪ್ಪು ಲೈನರ್ ನಡುವೆ ಹೊಟ್ಟೆ ಬಿಟ್ಟುಕೊಂಡು ಜೋತುಬಿದ್ದಿದೆ. ಸ್ಪ್ರೇ ಗಮ್ ಹೊಡೆದು ಅಂಟಿಸಿದರೆ ಸ್ವಲ್ಪ ದಿನ ನಿಲ್ಲುತ್ತೆ, ಮತ್ತೆ ಕಿತ್ತು ಬರುತ್ತೆ. ಕ್ಲಿಪ್‌ಗಳನ್ನೂ ಹೊಸದು ಹಾಕಿ ಆಯ್ತು. ಈ ಮಾಡೆಲ್‌ಗೆ ಹೊಸ ಲೈನರ್ ಈಗ ಬರೋದೇ ಇಲ್ಲ. ಗಟ್ಟಿಯಾಗಿ ನಿಲ್ಲೋ ಗಮ್ ಯಾವುದು ಅಂತ ಮಾತ್ರ ಹೇಳಿ. ತೆಗೆದು ಬಿಸಾಕಿ ಅನ್ನೋ ಸಲಹೆ ದಯವಿಟ್ಟು ಬೇಡ.

ಗ್ರೀಸ್‌ಗನ್:
ಗಮ್ಮೇ ತಪ್ಪು. ಸಾಧಾರಣ ಸ್ಪ್ರೇ ಗಮ್ 60–70 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಮೆತ್ತಗಾಗುತ್ತೆ. ಓಡುವಾಗ ಗಾಳಿ ಆಡುತ್ತೆ. ಎಂಜಿನ್ ಆರಿಸಿದ ಮೇಲೆ ಗಾಳಿ ನಿಂತು ಶಾಖವೆಲ್ಲ ಬಾನೆಟ್‌ಗೆ ಏರುತ್ತೆ. ಲೈನರ್ ಕಳಚೋದು ನಿಂತ ಗಾಡಿಯಲ್ಲೇ ಹೆಚ್ಚು. ಹೈ ಟೆಂಪರೇಚರ್ ಕಾಂಟ್ಯಾಕ್ಟ್ ಗಮ್ ತಗೊಳ್ಳಿ, ಎಷ್ಟು ಡಿಗ್ರಿ ತಡೆಯುತ್ತೆ ಅಂತ ಡಬ್ಬದ ಮೇಲೆ ಓದಿ. ಎರಡೂ ಮೈಗೆ ಹಚ್ಚಿ, ಮುಟ್ಟಿದರೆ ಜಿಗುಟು ಇದ್ದೂ ಬೆರಳಿಗೆ ಎದ್ದು ಬಾರದಷ್ಟು ಆರಿದ ಮೇಲೆ ಒತ್ತಬೇಕು. ಹಸಿ ಇರುವಾಗಲೇ ಒತ್ತಿದರೆ ಸಾಲ್ವೆಂಟ್ ಒಳಗೇ ಉಳಿದು ಬಿಸಿಗೆ ಗುಳ್ಳೆ ಏಳುತ್ತೆ.

ಟ್ಯಾಪೆಟ್:
ಹಳೇಡೀಸೆಲ್ ಅವರೇ, ಅದು ಫೋಮೋ, ಗ್ಲಾಸ್ ವೂಲ್ (ಗಾಜಿನ ಎಳೆಗಳ ಉಣ್ಣೆ) ಮೇಲೆ ಬಟ್ಟೆ ಹೊದಿಸಿದ್ದೋ? ಕ್ಲಿಪ್ ಮುರೀತಿದೆಯೋ, ಲೈನರ್‌ನ ತೂತು ಹರಿದಿದೆಯೋ? ಇದು ಗೊತ್ತಾಗದೆ ಗಮ್ ಹೆಸರು ಹೇಳಿ ಉಪಯೋಗವಿಲ್ಲ. ಮುಟ್ಟಿದರೆ ಪುಡಿಯಾಗೋ ಹಳೇ ಫೋಮ್ ಆದರೆ ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಪೂರ್ತಿ ಕೆರೆದು ತೆಗೀಬೇಕು, ಅದಕ್ಕೆ ರಿಪೇರಿ ಇಲ್ಲ.

ಗ್ರೀಸ್‌ಗನ್:
ಯಾವುದಾದರೂ ಸರಿ, ಬಾನೆಟ್‌ನ ಪೇಂಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ್ರಾ? ಎಣ್ಣೆಯ ಆವಿ ಕೂತಿರುತ್ತೆ, ಅದರ ಮೇಲೆ ಯಾವ ಗಮ್ಮೂ ಹಿಡಿಯಲ್ಲ.

ಟ್ಯಾಪೆಟ್:
ಒರೆಸಿದರೂ ಗ್ಲಾಸ್ ವೂಲ್‌ನಲ್ಲಿ ಗಮ್ ಹಿಡಿಯೋದು ಮೇಲಿನ ನಾಲ್ಕು ಎಳೆಗಳನ್ನ ಮಾತ್ರ. ಎಳೆಗಳನ್ನ ಕೂಡಿಸಿಟ್ಟಿರೋ ರೆಸಿನ್ ವರ್ಷಗಟ್ಟಲೆ ಬೆಂದು ಪುಡಿಯಾಗಿರುತ್ತೆ. ಗಮ್ ಪೇಂಟ್ ಮೇಲೇ ಇರುತ್ತೆ, ಪ್ಯಾಡ್ ತನ್ನಿಂದ ತಾನೇ ಸೀಳಿಕೊಂಡು ಕೆಳಗಿಳಿಯುತ್ತೆ. ಕಿತ್ತು ಬಂದ ಜಾಗ ನೋಡಿ: ಬಾನೆಟ್‌ಗೆ ತೆಳ್ಳನೆ ಉಣ್ಣೆ ಅಂಟಿಕೊಂಡಿದ್ದರೆ ಗಮ್ ಚೆನ್ನಾಗೇ ಇದೆ ಅಂತ ಅರ್ಥ.

ಬೋರ್‌ವೆಲ್_ಬಾಸ್:
ಒಂದು ವಿಷಯ. ಬೆಂಕಿ ಬಿದ್ದಾಗ ಕ್ಲಿಪ್ ಕರಗಿ, ಲೈನರ್ ಎಂಜಿನ್ ಮೇಲೆ ಬಿದ್ದು ಬೆಂಕಿ ಆರಿಸಲಿ ಅಂತಲೇ ಪ್ಲಾಸ್ಟಿಕ್ ಕ್ಲಿಪ್ ಕೊಟ್ಟಿರೋದು. ಮೆಟಲ್ ಕ್ಲಿಪ್ ಹಾಕಬೇಡಿ. ಬೇರೆ ಮೆಟೀರಿಯಲ್ ಹಾಕಿದರೂ ಎಫ್‌ಎಂವಿಎಸ್‌ಎಸ್ 302 (ಗಾಡಿ ಸಾಮಗ್ರಿ ಎಷ್ಟು ಬೇಗ ಉರಿಯುತ್ತೆ ಅಂತ ನೋಡೋ ಅಮೆರಿಕದ ನಿಯಮ) ಪಾಸಾಗಿರಬೇಕು.

ಟ್ಯಾಪೆಟ್:
302 ಕ್ಯಾಬಿನ್ ಒಳಗಿನ ಸಾಮಗ್ರಿಗೆ. ನಿಮಿಷಕ್ಕೆ 102 ಮಿಮೀಗಿಂತ ವೇಗವಾಗಿ ಉರಿಯಬಾರದು ಅನ್ನೋದಷ್ಟೇ ಅದರಲ್ಲಿರೋದು. ಬಾನೆಟ್ ಕೆಳಗೆ ಅದು ಏನೇನೂ ಸಾಲದು. ಕ್ಲಿಪ್ ಕರಗೋ ಮಾತಿಗೆ ಯಾವ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಆಧಾರ ಇದೆ, ತೋರಿಸಿ.

ಬೋರ್‌ವೆಲ್_ಬಾಸ್:
ಎಲ್ಲ ಮೆಕ್ಯಾನಿಕ್‌ಗಳೂ ಹೇಳ್ತಾರೆ.

ಸೈಲೆಂಟ್‌ಬೇ:
ಲೈನರ್ ಯಾಕ್ರೀ ಬೇಕು? ನನ್ನ ಬಾನೆಟ್‌ಗೆ ಬ್ಯುಟೈಲ್ ಶೀಟ್ (ಸದ್ದು ತಗ್ಗಿಸೋ ರಬ್ಬರ್ ಹಾಳೆ), ಅದರ ಮೇಲೆ ಮನೆ ಛಾವಣಿಗೆ ಹಾಕೋ ಗುಳ್ಳೆ ಫಾಯಿಲ್. ಡೀಸೆಲ್ ಸದ್ದೇ ಕೇಳಲ್ಲ. ಡೋರ್, ಡಿಕ್ಕಿ, ವೀಲ್ ಆರ್ಚ್ ಎಲ್ಲಕ್ಕೂ ಎರಡೆರಡು ಪದರ ಆಗಿದೆ, ಫೋಟೋ ಬೇಕಿದ್ರೆ ಹಾಕ್ತೀನಿ.

ಟ್ಯಾಪೆಟ್:
ಆ ಗುಳ್ಳೆ ಪಾಲಿಥೀನ್, ಸುಮಾರು 110 ಡಿಗ್ರಿಗೆ ಕರಗುತ್ತೆ. ಟರ್ಬೊ ಅಥವಾ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ತೊಟ್ಟಿಕ್ಕಿದರೆ ಅದೇ ಬೆಂಕಿಗೆ ದಾರಿ. ದಯವಿಟ್ಟು ತೆಗೆದುಬಿಡಿ. ಬ್ಯುಟೈಲ್ ತೂಕಕ್ಕೆ ಹಳೇ ಗ್ಯಾಸ್ ಸ್ಟ್ರಟ್ ಬಾನೆಟ್ಟನ್ನ ಎತ್ತಿ ಹಿಡಿಯಲ್ಲ, ಅದೂ ನೋಡಿಕೊಳ್ಳಿ.

ಹಳೇಡೀಸೆಲ್:
ವಿಷಯಕ್ಕೆ ಬನ್ನಿ ಸಾರ್. ಗ್ಲಾಸ್ ವೂಲ್, ಕ್ಲಿಪ್ ಇರೋದು ಅಂಚಲ್ಲಿ ಮಾತ್ರ. ಬಾನೆಟ್‌ಗೆ ಉಣ್ಣೆ ಅಂಟಿದೆ, ನಿಜ. ತೂತುಗಳೂ ಹರಿದಿವೆ, ಅದೂ ಎಡಗಡೆ ಮಾತ್ರ. ಆ ಕಡೆ ಯಾವಾಗಲೂ ಒದ್ದೆ ಇರುತ್ತೆ, ಗಾಡಿ ತೊಳೆದ ನೀರಿರಬೇಕು.

ಸ್ಪ್ಯಾನರ್14:
ಯಾವಾಗಲೂ ಒದ್ದೆ ಅನ್ನೋದನ್ನ ಮೊದಲೇ ಹೇಳಬೇಕಿತ್ತು. ತೊಳೆದ ನೀರಾದರೆ ಎಂಜಿನ್ ಬಿಸಿಗೆ ಆರಬೇಕು. ವೈಪರ್ ನೀರಿನ ನಾಜಲ್ ಬಾನೆಟ್ ಮೇಲೇ ಇದ್ಯಾ? ಇದ್ದರೆ ಅದರ ಪೈಪು ಲೈನರ್ ಹಿಂದೆಯೇ ಹೋಗುತ್ತೆ, ನಡುವೆ ಒಂದು ಟಿ ಜಾಯಿಂಟ್ ಇರುತ್ತೆ. ಲೈನರ್ ಬಿಚ್ಚಿ, ಒಬ್ಬರು ವೈಪರ್ ನೀರಿನ ಸ್ವಿಚ್ ಒತ್ತಲಿ, ಇನ್ನೊಬ್ಬರು ಜಾಯಿಂಟ್ ನೋಡಲಿ.

ಹಳೇಡೀಸೆಲ್:
ಟಿ ಜಾಯಿಂಟ್ ಸೀಳಿದೆ, ಒತ್ತಿದಾಗೆಲ್ಲ ನೀರು ಲೈನರ್‌ಗೇ ಬೀಳ್ತಿದೆ.

ಸ್ಪ್ಯಾನರ್14:
ಸಿಕ್ತಲ್ಲ. ನೀರು ಕುಡಿದ ಪ್ಯಾಡ್ ತೂಕಕ್ಕೇ ತೂತು ಹರಿದಿರೋದು. ಮೊದಲು ಜಾಯಿಂಟ್ ಬದಲಿಸಿ. ಎಂಜಿನ್ ತಣ್ಣಗಿರಲಿ, ಗ್ಲೌಸ್, ಮಾಸ್ಕ್, ತುಂಬುತೋಳು ಬೇಕು. ಕ್ಲಿಪ್‌ನ ನಡುಗೂಟ ಮೊದಲು ಎತ್ತಿ, ಆಮೇಲೆ ತಲೆ ಎಬ್ಬಿ. ಲೈನರನ್ನ ಚಪ್ಪಟೆ ಮಲಗಿಸಿ ಪೂರ್ತಿ ಒಣಗಿಸಿ. ಎಣ್ಣೆ ಅಥವಾ ಡೀಸೆಲ್ ಕುಡಿದ ಪ್ಯಾಡ್ ಆದರೆ ಮಾತ್ರ ರಿಪೇರಿ ಬೇಡ, ಅದು ಬತ್ತಿಯ ಹಾಗೆ ಉರಿಯುತ್ತೆ.

ಹರಿದ ತೂತಿನ ಎರಡೂ ಮೈಗೆ 8 ಸೆಂಮೀ ಚೌಕದ ಗ್ಲಾಸ್ ಫೈಬರ್ ಬಟ್ಟೆ, ಗ್ರೀಸ್‌ಗನ್ ಹೇಳಿದ ಗಮ್‌ನಲ್ಲೇ ಅಂಟಿಸಿ. ಇಲ್ಲಿ ಬಟ್ಟೆಗೆ ಬಟ್ಟೆ, ಹಾಗಾಗಿ ಹಿಡಿಯುತ್ತೆ. ಗಮ್ ಆರಿದ ಮೇಲೆ ತೂತು ಕೊರೆದು, ಕ್ಲಿಪ್ ತಲೆಯ ಕೆಳಗೆ 35–40 ಮಿಮೀ ಅಗಲದ ತೆಳು ಅಲ್ಯೂಮಿನಿಯಂ ವಾಷರ್ ಕೊಡಿ. ನಡುವಿನ ಹೊಟ್ಟೆಗೆ 20 ಮಿಮೀ ಅಗಲ, 2 ಮಿಮೀ ದಪ್ಪದ ಅಲ್ಯೂಮಿನಿಯಂ ಪಟ್ಟಿ, ಈ ಅಂಚಿನ ಕ್ಲಿಪ್‌ನಿಂದ ಆ ಅಂಚಿನ ಕ್ಲಿಪ್‌ವರೆಗೆ, ಲೈನರ್ ಕೆಳಗಿಂದ. ಬಾನೆಟ್‌ಗೆ ಹೊಸ ತೂತು ಕೊರೆಯಬೇಡಿ, ಡ್ರಿಲ್ ಹೊರಗಿನ ತಗಡಿಗೇ ತಾಗುತ್ತೆ. ಉದ್ದದ ಕ್ಲಿಪ್ಪೂ ಅಷ್ಟೇ, ಮೇಲೆ ಗುಬುಟು ಏಳಿಸುತ್ತೆ. ಮುಚ್ಚೋ ಮೊದಲು ಪಟ್ಟಿಯ ಕೆಳಗೆ ಎಂಜಿನ್ ಎಲ್ಲೆಲ್ಲಿ ಎತ್ತರ ಇದೆಯೋ ಅಲ್ಲಿ ಮಾಡೆಲಿಂಗ್ ಕ್ಲೇ ಉಂಡೆ ಇಟ್ಟು ಬಾನೆಟ್ ನಿಧಾನಕ್ಕೆ ಇಳಿಸಿ, ಎತ್ತಿ ನೋಡಿ. ಕ್ಲೇ 15 ಮಿಮೀಗಿಂತ ತೆಳ್ಳಗಾಗಿದ್ದರೆ ಪಟ್ಟಿ ಜಾಗ ಬದಲಿಸಿ, ಎಂಜಿನ್ ಅಲುಗಾಡುವಾಗ ಬಡಿಯುತ್ತೆ.

ಗ್ರೀಸ್‌ಗನ್:
ಅಂತೂ ಗಮ್ ಬೇಕೇ ಬೇಕಾಯ್ತು.

ಹಳೇಡೀಸೆಲ್:
ಪಟ್ಟಿ ಬದಲು ಮ್ಯಾಗ್ನೆಟ್ ನಡೆಯುತ್ತಾ? ಅಂಚು ಮುಚ್ಚೋಕೆ ಬಟ್ಟೆ ಟೇಪ್ ಇದೆ, ಸಾಕಾ?

ಟ್ಯಾಪೆಟ್:
ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳ್ಕೊಳ್ಳುತ್ತೆ, ಬಿದ್ದರೆ ನೇರ ಬೆಲ್ಟ್‌ಗೆ. ಪಟ್ಟಿಯೇ ಹಾಕಿ. ಬಟ್ಟೆ ಟೇಪ್‌ನ ಅಂಟು ಬಿಸಿಗೆ ಇಳಿದುಬಿಡುತ್ತೆ. ಅಲ್ಯೂಮಿನಿಯಂ ಫಾಯಿಲ್ ಟೇಪ್ ಸರಿ, ಆದರೆ ಬ್ಯಾಟರಿ ನೇರಕ್ಕೆ ಬೇಡ. ಕಳಚಿ ಟರ್ಮಿನಲ್ ಮೇಲೆ ಬಿದ್ದರೆ ಶಾರ್ಟ್ ಆಗುತ್ತೆ.

ಬೋರ್‌ವೆಲ್_ಬಾಸ್:
ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡು) ಪ್ಯಾಡ್‌ಗೂ ಇದೇ ವಾಷರ್ ಹಾಕಬಹುದಾ?

ಸ್ಪ್ಯಾನರ್14:
ಅಲ್ಲಿ ಬ್ರೇಕ್ ಪೈಪು, ವೈರಿಂಗ್ ಹತ್ತಿರ ಇರುತ್ತೆ. ಫೋಟೋ ಹಾಕಿ ಬೇರೆ ಥ್ರೆಡ್ ಶುರು ಮಾಡಿ.