ಬಫೆಲ್ ಹುಲ್ಲಿನ ಶಿಲೀಂಧ್ರ: ಒಮ್ಮೆ ಎಲ್ಲ ಎಲೆಯೂ ಸುಡುತ್ತದೆ, ಮತ್ತೊಮ್ಮೆ ಏನೂ ಆಗುವುದಿಲ್ಲ, ಯಾಕೆ?

ಟೂಸಾನ್_ಹುಡುಗಿ:
ಎಲ್ಲರಿಗೂ ನಮಸ್ಕಾರ. ಅರಿಜೋನಾದ ಟೂಸಾನ್‌ನಲ್ಲಿ ಸಸ್ಯರೋಗಶಾಸ್ತ್ರ ಓದುತ್ತಿದ್ದೇನೆ. ಇಲ್ಲಿನ ಗುಡ್ಡಗಳ ಮೇಲೆ ಬಫೆಲ್ ಹುಲ್ಲು ವಿಪರೀತ ಹಬ್ಬಿದೆ. ನಮ್ಮ ಕಡೆ ಮೇವಿಗೆ ಬೆಳೆಸುವ ಅಂಜನ್ ಹುಲ್ಲು ಇದೇ. ಇಲ್ಲಿಗೂ ಮೇವಿಗೆ, ಮಣ್ಣು ಕೊಚ್ಚಿಹೋಗದಿರಲಿ ಅಂತಲೇ ತಂದದ್ದು. ಈಗ ಅದು ಒಣಗಿ ನಿಂತರೆ ಬೆಂಕಿ ಗುಡ್ಡದಿಂದ ಗುಡ್ಡಕ್ಕೆ ಹಬ್ಬುತ್ತದೆ, ಸಗ್ವಾರೊ ಕಳ್ಳಿಗಳು ಬೆಂದು ಸಾಯುತ್ತವೆ. ಕಳೆನಾಶಕ ಗ್ಲೈಫೋಸೇಟ್ ಹೊಡೆಯೋಣ ಅಂದರೆ ಮಳೆ ಬಂದು ಹುಲ್ಲು ಹಸಿರಾಗಿರುವಾಗಷ್ಟೇ ಅದು ಹತ್ತುವುದು.

ಅದಕ್ಕೆ ಶಿಲೀಂಧ್ರದ ವಿಷದಿಂದಲೇ ಈ ಹುಲ್ಲನ್ನು ಕೊಲ್ಲಬಹುದಾ ಅಂತ ನೋಡುತ್ತಿದ್ದೇನೆ. ಚುಕ್ಕೆ ರೋಗ ಬಂದ ಬಫೆಲ್ ಎಲೆಯಿಂದ ಶಿಲೀಂಧ್ರ ತೆಗೆದು ಪಿಡಿಬಿಯಲ್ಲಿ (ಆಲೂಗಡ್ಡೆ ರಸ, ಸಕ್ಕರೆಯ ಪೋಷಕ ದ್ರವ) ಬೆಳೆಸಿದೆ. ಆ ದ್ರವದಿಂದ ಶಿಲೀಂಧ್ರ ಸೋಸಿ ತೆಗೆದ ಮೇಲೆ ಉಳಿದ ನೀರನ್ನು, ಸೂಜಿ ಚುಚ್ಚಿದ ಎಲೆಯ ಮೇಲೆ ಹನಿ ಹಾಕಿದೆ. ಮೊದಲ ಬ್ಯಾಚ್‌ನಲ್ಲಿ ಬಫೆಲ್ ಎಲೆಯೂ ಸುಟ್ಟಿತು, ಇಲ್ಲಿನ ಸ್ಥಳೀಯ ಹುಲ್ಲು ಹೆಟೆರೊಪೋಗನ್ ಕಂಟಾರ್ಟಸ್ ಎಲೆಯೂ ಸುಟ್ಟಿತು. ಆಮೇಲಿನ ಬ್ಯಾಚ್‌ಗಳಲ್ಲಿ ಯಾವುದರ ಮೇಲೂ ಒಂದು ಚುಕ್ಕೆ ಇಲ್ಲ. ಎಲ್ಲಿ ಹುಡುಕಲಿ?

ಎಲೆಚುಕ್ಕೆ:
ಶಿಲೀಂಧ್ರ ಹಾಕದ ಖಾಲಿ ಪಿಡಿಬಿಯ ಹನಿ ಇಟ್ಟು ನೋಡಿದ್ರಾ? ಅದನ್ನು ನೀವು ಬರೆದಿಲ್ಲ, ಅದಿಲ್ಲದೆ ಮೊದಲ ಬ್ಯಾಚ್ ಬಗ್ಗೆ ಏನೂ ಹೇಳೋಕಾಗಲ್ಲ. ಸೋಸಿದ ನೀರಿನಲ್ಲಿ ಸಕ್ಕರೆ ಇರುತ್ತದೆ, ಶಿಲೀಂಧ್ರ ಬಿಟ್ಟ ಆಮ್ಲಗಳೂ ಇರಬಹುದು, ಗಾಯವಾದ ಎಲೆ ಅಷ್ಟಕ್ಕೇ ಕಂದು ಬಣ್ಣಕ್ಕೆ ತಿರುಗಬಹುದು. ಪಿಎಚ್ ನೋಡಿ, ಖಾಲಿ ಪಿಡಿಬಿಯನ್ನೂ ಅದೇ ಪಿಎಚ್‌ಗೆ ತಂದು ಪಕ್ಕದಲ್ಲೇ ಹಾಕಿ.

ಈಗ ಮುಖ್ಯ ವಿಷಯ. ಈ ಹುಲ್ಲಿನ ಮೇಲಿನ ಕಾಕ್ಲಿಯೊಬೋಲಸ್ ಆಸ್ಟ್ರೇಲಿಯೆನ್ಸಿಸ್ ಶಿಲೀಂಧ್ರದಿಂದ ಇಟಲಿಯ ನೇಪಲ್ಸ್‌ನ ರಸಾಯನಶಾಸ್ತ್ರಜ್ಞರು ಮತ್ತು ಅಮೆರಿಕದ ಸಂಶೋಧಕರು ಸೇರಿ ರಾಡಿಸಿನಿನ್, ಕಾಕ್ಲಿಯೋಟಾಕ್ಸಿನ್ ಎಂಬ ವಿಷಗಳನ್ನು ಬೇರ್ಪಡಿಸಿ 2017ರಲ್ಲಿ ಪ್ರಕಟಿಸಿದರು. ಅವರು ಸೋಸಿದ ನೀರನ್ನೇ ನಂಬಿ ಕೂರಲಿಲ್ಲ. ನೀವೂ ಅದನ್ನು ಈಥೈಲ್ ಅಸಿಟೇಟ್ ದ್ರಾವಕದ ಜೊತೆ ಕುಲುಕಿ, ಮೇಲಿನ ಪದರ ತೆಗೆದು ಆವಿ ಮಾಡಿ. ಫ್ಲಾಸ್ಕಿನ ತಳದಲ್ಲಿ ಉಳಿಯುವ ಅಂಟನ್ನು ಸ್ವಲ್ಪವೇ ಮೆಥನಾಲ್‌ನಲ್ಲಿ ಕರಗಿಸಿ, ಆಮೇಲೆ ನೀರು ಸೇರಿಸಿ. ಕೊನೆಯ ಹನಿಯಲ್ಲಿ ಎಷ್ಟು ಮೆಥನಾಲ್ ಇದೆಯೋ ಅಷ್ಟೇ ಮೆಥನಾಲ್ ಇರುವ ಬರೀ ನೀರಿನ ಹನಿಯೂ ಬೇಕು, ಮೆಥನಾಲ್ ಜಾಸ್ತಿಯಾದರೆ ಅದೇ ಎಲೆ ಸುಡುತ್ತದೆ. ಆವಿ ಮಾಡುವ ಕೆಲಸ ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಒಳಗೇ ಆಗಲಿ. ಎಲೆ ತುಂಡುಗಳನ್ನು ಒದ್ದೆ ಫಿಲ್ಟರ್ ಕಾಗದದ ಮೇಲಿಟ್ಟು ತಟ್ಟೆ ಮುಚ್ಚಿಡಿ. ಹನಿ ಒಣಗಿಹೋದರೆ ಫಲಿತಾಂಶ ನಂಬುವ ಹಾಗಿಲ್ಲ.

ಟೂಸಾನ್_ಹುಡುಗಿ:
ಖಾಲಿ ಪಿಡಿಬಿ ಇವತ್ತು ಹಾಕಿದೆ, ಅದಕ್ಕೂ ತೆಳು ಕಂದು ಉಂಗುರ ಬಂದಿದೆ! ಆದರೆ ಆಮೇಲಿನ ಬ್ಯಾಚ್‌ಗಳಲ್ಲಿ ಅಷ್ಟೂ ಇಲ್ಲವಲ್ಲ? ಅವನ್ನು ಬಲಿತ ಎಲೆಯ ಮೇಲೆ ಹಾಕಿದ್ದೆ. ಶಿಲೀಂಧ್ರವನ್ನು ಅದು ಬೆಳೆಯುವ ತಟ್ಟೆಯಿಂದ ಹೊಸ ತಟ್ಟೆಗೆ ದಾಟಿಸುತ್ತಲೇ ಬಂದಿದ್ದೇನೆ.

ಎಲೆಚುಕ್ಕೆ:
ಎರಡೂ ಕಾರಣ ಇರಬಹುದು. ಪ್ರತಿ ಸಲವೂ ಒಂದೇ ವಯಸ್ಸಿನ ಎಳೆ ಎಲೆ ತಗೊಳ್ಳಿ. ಇನ್ನು ತಟ್ಟೆಯಲ್ಲೇ ತುಂಬ ಸಲ ದಾಟಿಸಿದ ಶಿಲೀಂಧ್ರಗಳು ವಿಷ ಮಾಡುವುದನ್ನು ಕಡಿಮೆ ಮಾಡುವುದು ಅಪರೂಪವೇನಲ್ಲ. ಬಫೆಲ್ ಗಿಡಕ್ಕೇ ಮತ್ತೆ ಸೋಂಕು ಹತ್ತಿಸಿ, ಹೊಸ ಚುಕ್ಕೆಯಿಂದ ಶಿಲೀಂಧ್ರ ತೆಗೆದು, ಆ ಮೊದಲ ತಟ್ಟೆಯಿಂದಲೇ ಗ್ಲಿಸರಾಲ್‌ನಲ್ಲಿ ಸ್ಟಾಕ್ ಮಾಡಿ ಫ್ರೀಜರ್‌ಗೆ ಹಾಕಿಡಿ.

ರಾಗಿಹೊಲ_ಮಂಡ್ಯ:
ನಡುವೆ ಬಾಯಿ ಹಾಕ್ತಿದ್ದೇನೆ, ಇದು ಹೇಳಲೇಬೇಕು. ಬಫೆಲ್ ಮೇಲೆ ಕೆಲಸ ಮಾಡುವ ಇನ್ನೊಂದು ಶಿಲೀಂಧ್ರ ಪೈರಿಕುಲೇರಿಯಾ ಗ್ರಿಸಿಯಾ. ನಮ್ಮ ರಾಗಿಗೆ, ಭತ್ತಕ್ಕೆ ಬೆಂಕಿ ರೋಗ ತರುವುದು ಇದರ ಬಂಧುಗಳೇ. ಹಾಗಾಗಿ ರಜೆಗೆ ಊರಿಗೆ ಬರುವಾಗ ತಟ್ಟೆ, ರೋಗದ ಎಲೆ ಯಾವುದನ್ನೂ ತರಬೇಡಿ. ಇಲ್ಲಿ ಅಂಜನ್ ಹುಲ್ಲು ಬೇಕಾದ ಮೇವು, ಅದನ್ನು ಸಾಯಿಸೋ ಮಾತೇ ಇಲ್ಲ. ಜೀವಂತ ಶಿಲೀಂಧ್ರ ಬಿಡುವ ಬದಲು ಅದರ ವಿಷವನ್ನಷ್ಟೇ ಬಳಸುವ ದಾರಿ ನನಗೆ ಇಷ್ಟವಾಗುವುದು ಇದಕ್ಕೇ. ವಿಷ ತಾನಾಗಿ ಬೆಳೆದು ಪಕ್ಕದ ಹೊಲಕ್ಕೆ ದಾಟುವುದಿಲ್ಲ.

ಎಲೆಚುಕ್ಕೆ:
ಸರಿಯಾದ ಮಾತು. ಆದರೆ ಶಿಲೀಂಧ್ರದಿಂದ ಬಂತು ಅಂದ ಮಾತ್ರಕ್ಕೆ ವಿಷ ಸೌಮ್ಯ ಅಂತಲ್ಲ. ಚೀಟ್‌ಗ್ರಾಸ್ ಎಂಬ ಕಳೆಹುಲ್ಲಿನ ಬೀಜ ಕೊಲ್ಲುವ ಪೈರೆನೊಫೋರಾ ಸೆಮೆನಿಪೆರ್ಡಾ ಶಿಲೀಂಧ್ರ ಮಾಡುವ ಸೈಟೊಕಲಾಸಿನ್ ಬಿ ವಿಷ, ಪ್ರಾಣಿಗಳ ಜೀವಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳನ್ನೂ ಕೆಡಿಸುತ್ತದೆ. ನಿಮ್ಮ ಅಂಟನ್ನೂ ಗ್ಲೋವ್ಸ್ ಹಾಕಿಯೇ ಮುಟ್ಟಿ.

ಸ್ಥಳೀಯ ಹುಲ್ಲಿನ ಎಲೆಯನ್ನು ಮಾತ್ರ ಯಾವ ಬ್ಯಾಚ್‌ನಲ್ಲೂ ಬಿಡಬೇಡಿ. ಬಫೆಲ್ ಸಾಯಬೇಕು, ಅದರ ಪಕ್ಕದ ಹುಲ್ಲು ಉಳಿಯಬೇಕು, ನಮಗೆ ಬೇಕಾದದ್ದು ಅದೇ ಅಲ್ವಾ? ಅಂಟನ್ನು ಹಂತ ಹಂತವಾಗಿ ತೆಳು ಮಾಡಿ ಎರಡರ ಮೇಲೂ ಹಾಕಿ, ಬಫೆಲ್ ಸುಟ್ಟು ಇನ್ನೊಂದು ಹಸಿರಾಗಿರುವ ಮಟ್ಟ ಸಿಗುತ್ತದಾ ನೋಡಿ. ಖಾಲಿ ಪಿಡಿಬಿಯನ್ನೂ ಹಾಗೇ ಈಥೈಲ್ ಅಸಿಟೇಟ್‌ನಲ್ಲಿ ತೆಗೆದು ಪಕ್ಕದಲ್ಲಿಡಿ, ಮರೆಯಬೇಡಿ. ಎರಡು ದಿನ ಬಿಟ್ಟು ಫೋಟೊ ಹಾಕಿ, ಅಳತೆಪಟ್ಟಿ ಪಕ್ಕಕ್ಕಿರಲಿ.