ಸೋರು, ಒಸರು, ಉಕ್ಕು, ಕುಡಿ: ಕಾರಿನ ಕೂಲೆಂಟಿಗೆ ಯಾವ ಪದ?

ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, ಕಾರಣ ಗೊತ್ತಾಗದೆ ಕಮ್ಮಿಯಾಗುವ ವಿಷಯಕ್ಕೆ ಬಂದಾಗ ಪದಗಳ ತೊಡಕು ಶುರುವಾಯಿತು. ಬಲ್ಲವರು ನೆರವಾಗಬೇಕು.

ನಮ್ಮ ಮಂಗಳೂರಿನ ಗ್ಯಾರೇಜುಗಳಲ್ಲಿ ಎಲ್ಲದಕ್ಕೂ ಒಂದೇ ಮಾತು. "ಲೀಕ್ ಉಂಟು", ಇಲ್ಲವೇ "ಲೀಕ್ ಇಲ್ಲ". ಗಾಡಿಯವರು ಹೇಳುವುದೂ ಹಾಗೆಯೇ: "ಅಡಿಯಲ್ಲಿ ಒಂದು ಹನಿ ಇಲ್ಲ ಮಾರಾಯ್ರೆ, ಆದ್ರೂ ಕೂಲೆಂಟ್ ಟ್ಯಾಂಕ್ ಖಾಲಿ ಆಗ್ತದೆ." ನೆಲದಲ್ಲಿ ಹನಿ ಇಲ್ಲ ಅಂದರೆ ಲೀಕ್ ಇಲ್ಲ ಅಂತ ಅರ್ಥವಲ್ಲ. ಕೂಲೆಂಟ್ ಹೋಗುವ ದಾರಿಗಳು ಬೇರೆ ಬೇರೆ, ರಿಪೇರಿಯ ಖರ್ಚೂ ಬೇರೆ ಬೇರೆ. ಕ್ರಿಯಾಪದವೂ ಬೇರೆ ಇದ್ದರೆ ಓದುವವರಿಗೆ ಎಲ್ಲಿ ನೋಡಬೇಕು ಅನ್ನುವುದು ಬೇಗ ಹೊಳೆಯುತ್ತದೆ.

"ಸೋರು" ಸುಲಭ. ಕೂಲೆಂಟಿನ ಬಿಸಿ ಆರಿಸುವ ರೇಡಿಯೇಟರ್ ತೂತಾಗಿದೆ, ಪೈಪ್ ಒಡೆದಿದೆ, ಕೆಳಗೆ ಹಸಿರೋ ಗುಲಾಬಿಯೋ ಬಣ್ಣದ ನೀರು ನಿಂತಿದೆ. ಅದು ಸೋರಿಕೆಯೇ. ನಮ್ಮೂರಿನ ಸೆಕೆಗೆ ಏಸಿ ನೀರೂ ಕೆಳಗೆ ಧಾರಾಳ ಬೀಳುತ್ತದೆ, ಅದನ್ನು ನೋಡಿ ಹೆದರುವುದು ಬೇಡ. ಏಸಿ ನೀರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೂಲೆಂಟ್ ಬೆರಳಿಗೆ ಜಾರು ಜಾರಾಗಿರುತ್ತದೆ, ಸಿಹಿ ವಾಸನೆ ಇರುತ್ತದೆ. ಅದು ವಿಷ, ಬಾಯಿಗೆ ಹಾಕಿ ನೋಡಬಾರದು.

ನನಗೆ ಜಾಸ್ತಿ ಇಷ್ಟವಾದ ಪದ "ಒಸರು". ಮಳೆಗಾಲದಲ್ಲಿ ಮನೆಯ ಮಾಡು ಸೋರುತ್ತದೆ, ಗೋಡೆ ಒಸರುತ್ತದೆ. ಈ ವ್ಯತ್ಯಾಸ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತುಳುವಿನಲ್ಲಂತೂ ಒಸರು ಅಂದರೆ ನೀರಿನ ಸೆಲೆ. ಇಂಜಿನ್ನಿನಲ್ಲಿ ಆಗುವುದೂ ಬಹಳ ಸಲ ಇದೇ. ಹೋಸ್ ಪೈಪಿನ ಕ್ಲಿಪ್ಪಿನ ಹತ್ತಿರ ಕೂಲೆಂಟ್ ಚೂರು ಚೂರೇ ಹೊರಬರುತ್ತದೆ. ಇಂಜಿನ್ ಬಿಸಿಗೆ ಅಲ್ಲೇ ಆರುತ್ತದೆ, ನೆಲಕ್ಕೆ ಬೀಳುವುದೇ ಇಲ್ಲ. ಇಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ನೋಡಿದರೆ ಕ್ಲಿಪ್ಪಿನ ಸುತ್ತ ಒಣಗಿದ ಬಿಳಿ ಕಲೆ, ಕೆಲವೊಮ್ಮೆ ಕೂಲೆಂಟಿನದೇ ಬಣ್ಣದ ಪುಡಿ ಅಂಟಿಕೊಂಡಿರುತ್ತದೆ. ಕೂಲೆಂಟನ್ನು ಇಂಜಿನ್ನಿನೊಳಗೆ ಓಡಾಡಿಸುವ ವಾಟರ್ ಪಂಪಿನಲ್ಲಿ ಇದಕ್ಕೆಂದೇ ಒಂದು ಸಣ್ಣ ತೂತು ಇಟ್ಟಿರುತ್ತಾರೆ. ಒಳಗಿನ ಸೀಲ್ ಸವೆದರೆ ಅಲ್ಲಿಂದ ಕೂಲೆಂಟ್ ಬರುತ್ತದೆ, ಪಂಪ್ ಬದಲಿಸುವ ಹೊತ್ತಾಯಿತು ಅಂತ ಗೊತ್ತಾಗುತ್ತದೆ. ಇದನ್ನು "ಒಸರುತೂತು" ಅಂತ ಬರೆದಿದ್ದೇನೆ. ಕಿವಿಗೆ ಹೇಗೆ ಕೇಳಿಸುತ್ತದೆ? "ಜಿನುಗುತೂತು" ಚೆನ್ನಾಗಿರುತ್ತದಾ?

ಮೂರನೆಯದು ಮುಚ್ಚಳದ ವಿಷಯ. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳ ಅಲ್ಲ, ಒಳಗಿನ ಒತ್ತಡ ಹಿಡಿದಿಡುವುದು ಅದರ ಕೆಲಸ. ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 1 ಬಾರ್ ಹೆಚ್ಚು ಒತ್ತಡ ಇದ್ದರೆ ಬರೀ ನೀರೂ 120 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ಮುಚ್ಚಳದ ಸ್ಪ್ರಿಂಗ್ ಸಡಿಲವಾದರೆ ಶಿರಾಡಿ ಘಾಟಿ ಹತ್ತುವಾಗ ಕೂಲೆಂಟ್ ಬೇಗ ಕುದಿದು ಟ್ಯಾಂಕಿನಿಂದ ಹೊರಗೆ ಹೋಗುತ್ತದೆ. ಊರೊಳಗಿನ ಓಡಾಟದಲ್ಲಿ ಏನೂ ಕಾಣುವುದಿಲ್ಲ. ಇದಕ್ಕೆ "ಉಕ್ಕು" ಅಂತ ಬರೆದೆ, ಹಾಲು ಉಕ್ಕಿದ ಹಾಗೆ. ಗೆಳೆಯರೊಬ್ಬರು "ಕಕ್ಕು" ಸರಿ ಅನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ, ಯಾಕೆಂದರೆ ಇಲ್ಲಿ ಕುದಿತ ಇದೆ, ಅದು "ಉಕ್ಕು"ವಿನಲ್ಲೇ ಇದೆ.

ನಾಲ್ಕನೆಯದೇ ಕಷ್ಟ. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್, ಕೆಟ್ಟರೆ ಕೂಲೆಂಟ್ ಸಿಲಿಂಡರಿನ ಒಳಗೆ ಹೋಗಿ ಹೊಗೆಯ ಜೊತೆ ಹೊರಟುಹೋಗುತ್ತದೆ. ಹೊರಗೆ ಕಲೆಯೂ ಇಲ್ಲ, ಹನಿಯೂ ಇಲ್ಲ. ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ, ಟ್ಯಾಂಕಿನಲ್ಲಿ ನಿಲ್ಲದ ಗುಳ್ಳೆ, ಇವು ಗುರುತು. ನೀಲಿ ದ್ರವದ ಒಂದು ಪರೀಕ್ಷೆ ಇದೆ. ಟ್ಯಾಂಕಿನ ಗಾಳಿಯಲ್ಲಿ ಇಂಜಿನ್ ಹೊಗೆ ಸೇರಿದ್ದರೆ ಅದು ಹಳದಿಗೆ ತಿರುಗುತ್ತದೆ. ಕಾರು ಕೊಳ್ಳುವ ಮೊದಲೇ ಮಾಡಿಸಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಗ್ಯಾಸ್ಕೆಟ್ ಕೆಲಸ ಅಂದರೆ ಇಂಜಿನ್ನಿನ ಹೆಡ್ ಬಿಚ್ಚಬೇಕು, ದುಡ್ಡು ನೀರಿನ ಹಾಗೆ ಖರ್ಚಾಗುತ್ತದೆ.

ಇದಕ್ಕೆ "ಕೂಲೆಂಟ್ ಹೋಗುತ್ತಿದೆ" ಅಂತ ಬರೆದರೆ ಸಾಲದು. "ಗ್ಯಾಸ್ಕೆಟ್ ಹೋಗಿದೆ" ಅಂದರೆ ಕೆಟ್ಟಿದೆ ಅಂತ, "ಕೂಲೆಂಟ್ ಹೋಗಿದೆ" ಅಂದರೆ ಖಾಲಿಯಾಗಿದೆ ಅಂತ. ಒಂದೇ ವಾಕ್ಯದಲ್ಲಿ ಎರಡೂ ಬಂದರೆ ಹೊಸಬರಿಗೆ ಗೊಂದಲ. "ಇಂಗು" ಅಂದರೆ ಮಣ್ಣಿನ ನೆನಪಾಗುತ್ತದೆ, "ಬತ್ತು" ಅಂದರೆ ಬಾವಿಯದು. "ಇಂಜಿನ್ ಆಯಿಲ್ ಕುಡಿಯುತ್ತದೆ" ಅನ್ನುವ ಮಾತು ಮೊದಲಿಂದಲೂ ಇದೆ ಅಲ್ವಾ? ಹಾಗಾಗಿ "ಇಂಜಿನ್ ಕೂಲೆಂಟ್ ಕುಡಿಯುತ್ತಿದೆ" ಅಂತ ಬರೆಯುವುದು ನನಗೆ ಸರಿ ಕಾಣುತ್ತದೆ. ಒಳಗೇ ಹೋಗುತ್ತಿದೆ ಅನ್ನುವುದು ಆ ಒಂದು ಪದದಲ್ಲೇ ತಿಳಿಯುತ್ತದೆ.

ಉಡುಪಿ, ಕುಂದಾಪುರದ ಕಡೆ ಗ್ಯಾರೇಜಿನವರು ಇದಕ್ಕೆ ಏನು ಹೇಳುತ್ತಾರೆ? ಕುಂದಗನ್ನಡದಲ್ಲಿ ಒಸರುವುದಕ್ಕೂ ಸೋರುವುದಕ್ಕೂ ನಡುವೆ ಇನ್ನೊಂದು ಪದ ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಸಮೇತ ದಯವಿಟ್ಟು ತಿಳಿಸಿ.